ಡಾಕಿಂಗ್‌ನಲ್ಲಿ ಮೇಲೆ ಬಂದ ಕಾಂಪೌಂಡ್‌ಗಳು: ಲ್ಯಾಬ್‌ನಲ್ಲಿ ಎಲಿಸಾ ರೀಡರ್ ಒಂದೇ ಇದ್ದರೆ ಮುಂದೇನು?

ಸೇಡಂ ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ಸೇಡಂ, ಓದುತ್ತಿರುವುದು ಕಲಬುರಗಿಯಲ್ಲಿ. ಎಂ.ಎಸ್ಸಿ. ಬಯೋಟೆಕ್, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ವಿಷಯ ಕ್ಯಾನ್ಸರ್‌ಗೆ ಎಪಿಜೆನೆಟಿಕ್ ಔಷಧ, ಅಂದರೆ ಡಿಎನ್‌ಎ ಬದಲಿಸದೆ ಜೀನ್ ತೆರೆಯುವ, ಮುಚ್ಚುವ ಮದ್ದು ಹುಡುಕುವುದು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್ ಮೇಲೆ ಅಸಿಟೈಲ್ ಗುಂಪು ಅಂಟಿದ್ದರೆ ಆ ಜಾಗ ಸಡಿಲವಾಗಿರುತ್ತದೆ, ಜೀನ್ ಕೆಲಸ ಮಾಡುತ್ತದೆ. ಎಚ್‌ಡ್ಯಾಕ್ ಎಂಜೈಮ್‌ಗಳು ಈ ಗುಂಪನ್ನು ಕಿತ್ತುಹಾಕುತ್ತವೆ. ಕೋಶ ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಕೆಲವು ಜೀನ್‌ಗಳು ಕ್ಯಾನ್ಸರ್‌ನಲ್ಲಿ ಹೀಗೆ ಮುಚ್ಚಿಹೋಗಿರುತ್ತವೆ. ಎಚ್‌ಡ್ಯಾಕ್ ತಡೆದರೆ ಅವು ಮತ್ತೆ ತೆರೆಯಬಹುದು ಅನ್ನುವುದು ಲೆಕ್ಕ. ವೊರಿನೋಸ್ಟ್ಯಾಟ್ ಅನ್ನುವ ಮದ್ದು ಇದೇ ದಾರಿಯಲ್ಲಿ ಬಂದದ್ದು.

ನಾನು ಎಚ್‌ಡ್ಯಾಕ್2 ತೆಗೆದುಕೊಂಡೆ. ನಮ್ಮ ಭಾಗದ ಬೆಳೆಗಳಿಂದಲೇ ಕಾಂಪೌಂಡ್ ಆರಿಸೋಣ ಅಂತ ತೊಗರಿ ಬೇರಿನ ಕಜಾನಾಲ್, ಹತ್ತಿಕಾಳಿನ ಗಾಸಿಪಾಲ್, ಅರಿಶಿನದ ಕರ್ಕ್ಯುಮಿನ್, ಉಳ್ಳಾಗಡ್ಡಿಯ ಕ್ವೆರ್ಸೆಟಿನ್, ಜೊತೆಗೆ ಚಹಾದ ಇಜಿಸಿಜಿ, ಹೀಗೆ ಒಂದು ಪಟ್ಟಿ ಮಾಡಿದೆ. ವೈನಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ಡಾಕ್ ಮಾಡಿದೆ, ಅಂದರೆ ಕಾಂಪೌಂಡ್ ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಸಿದೆ. ಅಂಕ ಮೈನಸ್‌ನಲ್ಲಿ ಬರುತ್ತದೆ, ಮೈನಸ್ ಹೆಚ್ಚಿದ್ದಷ್ಟೂ ಹಿಡಿತ ಜೋರು. ಗಾಸಿಪಾಲ್‌ಗೆ ಮೈನಸ್ 9.4 ಬಂತು. ಕ್ವೆರ್ಸೆಟಿನ್ 8.8, ಕರ್ಕ್ಯುಮಿನ್ 8.5. ವೊರಿನೋಸ್ಟ್ಯಾಟ್‌ಗೆ ಬರೀ 6.7!

ಗೈಡ್ ಖುಷಿಯಾಗಿದ್ದಾರೆ. "ಒಪ್ಪಿಗೆ ಪಡೆದ ಮದ್ದಿಗಿಂತ ಉತ್ತಮ" ಅಂತ ಪೇಪರ್ ಬರೆದುಬಿಡು ಅನ್ನುತ್ತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಉಳ್ಳಾಗಡ್ಡಿ ಇಷ್ಟು ಜೋರಿದ್ದರೆ ದಿನಾ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚುವ ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಬೇಕಿರಲಿಲ್ಲ, ಅಲ್ವಾ?

ನಮ್ಮಲ್ಲಿ ಇರುವುದು: ಬಣ್ಣ ಮಾತ್ರ ಅಳೆಯುವ ಎಲಿಸಾ ರೀಡರ್, ಒಂದು ಸಿಒ2 ಇನ್‌ಕ್ಯುಬೇಟರ್, ಪುಣೆಯ ಎನ್‌ಸಿಸಿಎಸ್‌ನಿಂದ ತರಿಸಿದ ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶ. ಒಂದು ಕಿಟ್ ಕೊಳ್ಳುವಷ್ಟು ದುಡ್ಡಿದೆ. ಎಂಟಿಟಿ (ಬದುಕಿದ ಕೋಶ ನೇರಳೆ ಬಣ್ಣ ಕೊಡುವ ಟೆಸ್ಟ್) ಮಾಡಿ ಕೋಶ ಸತ್ತರೆ ಸಾಕಾ? ಯಾವುದನ್ನು ಮೊದಲು ಟೆಸ್ಟ್ ಮಾಡಲಿ? ಮಾಡಿದವರು ಹೇಳಿ.

ಕಡಗಂಚಿ ಸೀನಿಯರ್:

ತಮ್ಮಾ, ಒಂದೇ ಪ್ರಶ್ನೆ. ನಿನ್ನ ಪ್ರೋಟೀನ್ ಫೈಲ್‌ನಲ್ಲಿ ಜಿಂಕ್ ಇದೆಯಾ?

ಬಹಳ ಕಡೆ "ನೀರು ಮತ್ತು ಹೆಟೆರೊಆಟಮ್ (ಪ್ರೋಟೀನಿನದ್ದಲ್ಲದ ಪರಮಾಣು) ಎಲ್ಲಾ ತೆಗೆಯಿರಿ" ಅನ್ನುವ ಹಾಳೆ ಕೈಯಿಂದ ಕೈಗೆ ಓಡಾಡುತ್ತಿದೆ. ಹಾಗೆ ಮಾಡಿದರೆ ಜಿಂಕ್ ಕೂಡ ಹೋಗುತ್ತದೆ. ಎಚ್‌ಡ್ಯಾಕ್2ರ ಕೆಲಸವೆಲ್ಲ ಆ ಜಿಂಕ್ ಮೇಲೆಯೇ ನಿಂತಿದೆ. ವೊರಿನೋಸ್ಟ್ಯಾಟ್‌ನ ತುದಿಯಲ್ಲಿ ಹೈಡ್ರಾಕ್ಸಮಿಕ್ ಆಸಿಡ್ ಇದೆ. ಅದು ಹಿಡಿಯುವುದು ಜಿಂಕನ್ನೇ. ಜಿಂಕ್ ತೆಗೆದುಹಾಕಿ ವೊರಿನೋಸ್ಟ್ಯಾಟ್ ಸೋತಿತು ಅಂದರೆ ಏನು ಅರ್ಥ?

ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ 4ಎಲ್‌ಎಕ್ಸ್‌ಝಡ್ ಅನ್ನುವ ಫೈಲ್ ಇಳಿಸಿಕೋ. ಅದರಲ್ಲಿ ಎಚ್‌ಡ್ಯಾಕ್2 ಜೊತೆ ವೊರಿನೋಸ್ಟ್ಯಾಟ್ ಕೂತಿರುವುದೇ ಇದೆ. ಮದ್ದನ್ನು ಹೊರಗೆ ತೆಗೆದು, ಜಿಂಕ್ ಬಿಟ್ಟು, ಮತ್ತೆ ಡಾಕ್ ಮಾಡು. ಮೊದಲಿದ್ದ ಜಾಗಕ್ಕೆ 2 ಆಂಗ್‌ಸ್ಟ್ರಮ್ ಒಳಗೆ ಬಂದು ಕೂರದಿದ್ದರೆ ನಿನ್ನ ಸೆಟಪ್ ನಂಬುವ ಹಾಗಿಲ್ಲ. ಮಾಮೂಲಿ ವೈನಾ ಜಿಂಕನ್ನು ಅಷ್ಟು ಚೆನ್ನಾಗಿ ಲೆಕ್ಕ ಹಾಕುವುದಿಲ್ಲ. ಆಟೋಡಾಕ್4ಗೆ ಜಿಂಕ್‌ಗೆಂದೇ ಬೇರೆ ಪ್ಯಾರಾಮೀಟರ್ ಇದೆ, ಅದನ್ನು ಹಾಕು.

ಇನ್ನೊಂದು. ದೊಡ್ಡ ಮಾಲಿಕ್ಯೂಲ್‌ಗೆ ಸ್ಕೋರ್ ಜಾಸ್ತಿ ಬರುವುದು ಮಾಮೂಲು. ತಾಗುವ ಪರಮಾಣು ಹೆಚ್ಚು, ಅಂಕವೂ ಹೆಚ್ಚು. ಗಾಸಿಪಾಲ್ ಗಾತ್ರ ನೋಡು, ವೊರಿನೋಸ್ಟ್ಯಾಟ್ ಗಾತ್ರ ನೋಡು.

ಹುಮನಾಬಾದ್ ಅಕ್ಕ:

ನಾನು ಹುಮನಾಬಾದಿನವಳು. ಈಗ ಹೈದರಾಬಾದಿನಲ್ಲಿ ಒಂದು ಕಾಂಟ್ರ್ಯಾಕ್ಟ್ ರಿಸರ್ಚ್ ಕಂಪನಿಯಲ್ಲಿ ಅಸ್ಸೇ, ಅಂದರೆ ಕಾಂಪೌಂಡ್ ಟೆಸ್ಟ್ ಮಾಡುವುದೇ ಕೆಲಸ. ಜಿಂಕ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಲ್ಯಾಬ್ ಕಡೆಯದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ತಮ್ಮಾ, ನಿನ್ನ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡ. ಸ್ಕ್ರೀನಿಂಗ್ ಮಾಡುವವರು ಬಾಗಿಲಲ್ಲೇ ನಿಲ್ಲಿಸುವ ಗಿರಾಕಿಗಳೆಲ್ಲ ಒಂದೇ ಕಡೆ ಸೇರಿದ್ದಾರೆ. 2010ರಲ್ಲಿ ಆಸ್ಟ್ರೇಲಿಯಾದ ಬೇಲ್ ಮತ್ತು ಹಾಲೋವೇ ಅನ್ನುವವರು ಒಂದು ಪಟ್ಟಿ ಕೊಟ್ಟರು. ಯಾವ ಟೆಸ್ಟ್ ಮಾಡಿದರೂ "ಹಿಟ್" ಅಂತ ಕಾಣಿಸಿಕೊಳ್ಳುವ ರಚನೆಗಳು. ಅವಕ್ಕೆ ಪೇನ್ಸ್ ಅಂತ ಹೆಸರು. ಕರ್ಕ್ಯುಮಿನ್, ಕ್ವೆರ್ಸೆಟಿನ್, ಇಜಿಸಿಜಿ ಮೂರೂ ಇದೇ ಜಾತಿ. ಗಾಸಿಪಾಲ್‌ನಲ್ಲಿ ಎರಡು ಆಲ್ಡಿಹೈಡ್ ಇವೆ, ಪ್ರೋಟೀನಿನ ಲೈಸಿನ್ ಅನ್ನುವ ಅಮಿನೋ ಆಮ್ಲ ಸಿಕ್ಕರೆ ಹೋಗಿ ಅಂಟಿಕೊಳ್ಳುತ್ತವೆ. ಲೈಸಿನ್ ಇಲ್ಲದ ಪ್ರೋಟೀನ್ ಎಲ್ಲಿದೆ ಹೇಳು. ಇವು ಕೆಲಸ ಮಾಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಲಸ ಮಾಡಿದಂತೆ ಕಂಡರೆ ನಂಬುವ ಮೊದಲು ಜಾಸ್ತಿ ಕೇಳಬೇಕು, ಅಷ್ಟೇ.

ನಿನಗೆ ಬಣ್ಣ ಅಳೆಯುವ ರೀಡರ್ ಇದೆ ಅಂದೆ. ಹಾಗಾದರೆ 405 ನ್ಯಾನೋಮೀಟರ್‌ನಲ್ಲಿ ಓದುವ ಎಚ್‌ಡ್ಯಾಕ್ ಕಿಟ್ ತಗೋ. ಅದರ ಒಳಗೆ ಏನಾಗುತ್ತದೆ ಅಂತ ತಿಳಿದುಕೋ, ಆಮೇಲೆ ಉಳಿದದ್ದು ತಾನಾಗಿ ಬರುತ್ತದೆ. ಸಬ್‌ಸ್ಟ್ರೇಟ್ ಅಂದರೆ ಎಂಜೈಮ್ ಕೆಲಸ ಮಾಡುವ ಮಾಲಿಕ್ಯೂಲ್. ಅದರಲ್ಲಿ ಅಸಿಟೈಲ್ ಇರುವ ಲೈಸಿನ್ ಒಂದು ಕಡೆ, ಬಣ್ಣ ಕೊಡುವ ಪ್ಯಾರಾನೈಟ್ರೊಅನಿಲಿನ್ ಇನ್ನೊಂದು ಕಡೆ. ಎಚ್‌ಡ್ಯಾಕ್ ಬಂದು ಅಸಿಟೈಲ್ ಕೀಳುತ್ತದೆ. ಆಮೇಲೆ ಡೆವಲಪರ್ ಹಾಕುತ್ತೀಯ. ಅದರಲ್ಲಿರುವ ಟ್ರಿಪ್ಸಿನ್ ತರಹದ ಎಂಜೈಮ್ ಬರಿಯ ಲೈಸಿನ್ ಸಿಕ್ಕರೆ ಮಾತ್ರ ಕತ್ತರಿಸುತ್ತದೆ. ಕತ್ತರಿಸಿದರೆ ಹಳದಿ. ಎಚ್‌ಡ್ಯಾಕ್ ತಡೆದರೆ ಹಳದಿ ಕಡಿಮೆ.

ಈಗ ಮೋಸ ಎಲ್ಲೆಲ್ಲಿ ಆಗಬಹುದು ನೋಡು. ನಿನ್ನ ಕಾಂಪೌಂಡ್ ಎಚ್‌ಡ್ಯಾಕ್ ಬಿಟ್ಟು ಡೆವಲಪರನ್ನೇ ತಡೆದರೂ ಹಳದಿ ಕಡಿಮೆಯಾಗುತ್ತದೆ. ನೀನು "ಹಿಟ್" ಅಂತ ಕುಣಿಯುತ್ತೀಯ. ಅದಕ್ಕೇ ಅಸಿಟೈಲ್ ಮೊದಲೇ ತೆಗೆದ ಸಬ್‌ಸ್ಟ್ರೇಟ್, ಡೆವಲಪರ್, ಕಾಂಪೌಂಡ್, ಈ ಮೂರನ್ನೇ ಹಾಕಿ ಒಂದು ಪ್ಲೇಟ್ ಮಾಡಬೇಕು. ಎಚ್‌ಡ್ಯಾಕ್ ಹಾಕಲೇಬಾರದು. ಆಗಲೂ ಬಣ್ಣ ಇಳಿದರೆ ಆ ಕಾಂಪೌಂಡನ್ನು ಪಟ್ಟಿಯಿಂದ ತೆಗೆ. ಅಸಿಟೈಲ್ ತೆಗೆದ ಸ್ಟ್ಯಾಂಡರ್ಡ್ ಹಲವು ಕಿಟ್‌ಗಳಲ್ಲಿ ಬರುತ್ತದೆ, ಕೊಳ್ಳುವ ಮೊದಲೇ ಕೇಳಿಕೋ.

ಎರಡನೆಯದು ಕಾಂಪೌಂಡಿನ ಸ್ವಂತ ಬಣ್ಣ. ಕರ್ಕ್ಯುಮಿನ್ ಬೆಳಕು ಹೀರುವುದು 425ರ ಸುತ್ತ, ನೀನು ಓದುವುದು 405ರಲ್ಲಿ. ಅದರ ಹಳದಿಯೇ ನಿನ್ನ ರೀಡಿಂಗ್ ಮೇಲೆ ಕೂರುತ್ತದೆ. ಪ್ರತಿ ಡೋಸ್‌ಗೂ ಎಂಜೈಮ್ ಇಲ್ಲದ ಬ್ಲ್ಯಾಂಕ್ ಇಡು. ಬ್ಲ್ಯಾಂಕೇ ಸಿಗ್ನಲ್‌ಗಿಂತ ದೊಡ್ಡದಾದರೆ ಕಳೆದು ಲೆಕ್ಕ ಹಾಕುವುದು ವ್ಯರ್ಥ.

ಮೂರನೆಯದು ಗಂಟು ಕಟ್ಟುವುದು. ಕ್ವೆರ್ಸೆಟಿನ್‌ನಂಥವು ಕೆಲವು ಮೈಕ್ರೋಮೋಲಾರ್ ದಾಟಿದರೆ ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಉಂಡೆಗಳಾಗುತ್ತವೆ. ಎಂಜೈಮ್ ಆ ಉಂಡೆಗೆ ಅಂಟಿ ಕೆಲಸ ನಿಲ್ಲಿಸುತ್ತದೆ. ಟ್ರೈಟಾನ್ ಎಕ್ಸ್-100 ಅನ್ನುವ ಸೋಪಿನಂಥ ದ್ರವವನ್ನು ಶೇ 0.01ರಷ್ಟು ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡು. ಟ್ರೈಟಾನ್ ಹಾಕಿದಾಗ ತಡೆ ಮಾಯವಾದರೆ ಉತ್ತರ ಸಿಕ್ಕಿತು. ಬಾಟಲಿ ನಿಮ್ಮ ಲ್ಯಾಬ್‌ನಲ್ಲೇ ಎಲ್ಲೋ ಧೂಳು ಹಿಡಿದಿರುತ್ತದೆ. ಇಡೀ ಸ್ಕ್ರೀನಿಂಗ್‌ನಲ್ಲಿ ಇಷ್ಟು ಅಗ್ಗದ ಟೆಸ್ಟ್ ಇನ್ನೊಂದಿಲ್ಲ.

ಅಗ್ಗದ ಕಿಟ್‌ಗಳಲ್ಲಿ ಎಂಜೈಮ್ ಅಂತ ಕೊಡುವುದು ಹೀಲಾ ಅನ್ನುವ ಕ್ಯಾನ್ಸರ್ ಕೋಶದ ನ್ಯೂಕ್ಲಿಯರ್ ಎಕ್ಸ್‌ಟ್ರ್ಯಾಕ್ಟ್, ಅಂದರೆ ನ್ಯೂಕ್ಲಿಯಸ್‌ನಿಂದ ತೆಗೆದ ರಸ. ಅದರಲ್ಲಿ ಎಚ್‌ಡ್ಯಾಕ್1, 2, 3 ಎಲ್ಲಾ ಕಲಸಿರುತ್ತವೆ. ಜಿಂಕ್ ಬೇಕಾದ ಎಚ್‌ಡ್ಯಾಕ್‌ಗಳೇ ಮನುಷ್ಯನಲ್ಲಿ 11 ಇವೆ. ಹಾಗಾಗಿ "ಎಚ್‌ಡ್ಯಾಕ್2 ತಡೆಯುತ್ತದೆ" ಅಂತ ಬರೆಯಬೇಡ, "ಎಚ್‌ಡ್ಯಾಕ್ ಚಟುವಟಿಕೆ ತಡೆಯುತ್ತದೆ" ಅಂತ ಬರೆ.

ಕಾಂಪೌಂಡ್ ಮುಟ್ಟುವ ಮೊದಲು ಬರೀ ಕಂಟ್ರೋಲ್‌ಗಳದ್ದೇ ಒಂದು ಪ್ಲೇಟ್ ಮಾಡು. ಅರ್ಧ ಬರೀ ಡಿಎಂಎಸ್‌ಒ (ಕಾಂಪೌಂಡ್ ಕರಗಿಸುವ ದ್ರವ), ಅರ್ಧ ವೊರಿನೋಸ್ಟ್ಯಾಟ್. ಝಡ್ ಪ್ರೈಮ್ ಲೆಕ್ಕ ಹಾಕು. ಎರಡರ ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡಿಸಿ ಮೂರರಿಂದ ಗುಣಿಸು, ಸರಾಸರಿಗಳ ಅಂತರದಿಂದ ಭಾಗಿಸು, 1ರಿಂದ ಕಳೆ. 0.5ಕ್ಕಿಂತ ಮೇಲೆ ಬಂದರೆ ಪ್ಲೇಟ್ ನಂಬಬಹುದು. ಕಡಿಮೆ ಬಂದರೆ ಪಿಪೆಟ್ ನೋಡು, ಪ್ಲೇಟಿನ ಅಂಚಿನ ವೆಲ್ (ಗುಳಿ) ನೋಡು. ನಮ್ಮ ಕಡೆಯ ಒಣ ಹವೆಯಲ್ಲಿ ಅಂಚಿನ ವೆಲ್‌ಗಳು ಬೇಗ ಆರುತ್ತವೆ. ಅಲ್ಲಿ ಬರೀ ಬಫರ್ ತುಂಬಿಸಿ ಬಿಡು.

ಎಂಟಿಟಿ ಬಗ್ಗೆ. ಕೋಶ ಸಾಯುವುದಕ್ಕೂ ಎಪಿಜೆನೆಟಿಕ್ಸ್‌ಗೂ ನೇರ ಸಂಬಂಧ ಇಲ್ಲ. ಫಿನಾಯಿಲ್ ಹಾಕಿದರೂ ಸಾಯುತ್ತವೆ. ಜೊತೆಗೆ ಕ್ವೆರ್ಸೆಟಿನ್‌ನಂಥ ಪಾಲಿಫಿನಾಲ್‌ಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ. ಬದಲಿಗೆ ಎಸ್‌ಆರ್‌ಬಿ ಮಾಡು, ಅದು ಕೋಶದ ಪ್ರೋಟೀನಿಗೆ ಬಣ್ಣ ಹಚ್ಚಿ ಅಳೆಯುವ ಟೆಸ್ಟ್. ಪ್ಲೇಟನ್ನು ಟಿಸಿಎ ಅನ್ನುವ ಆಸಿಡ್ ಹಾಕಿ ಫಿಕ್ಸ್ ಮಾಡಿ ಒಣಗಿಸಿಟ್ಟರೆ ಕರೆಂಟ್ ಬಂದಾಗ ಓದಿಕೊಳ್ಳಬಹುದು. ಆಮೇಲೆ ಕೋಶ ಸಾಯದ ಡೋಸ್‌ನಲ್ಲಿ ಹಿಸ್ಟೋನ್ ಎಚ್3ರ ಅಸಿಟೈಲ್ ಗುರುತು ಏರಿತಾ ಅಂತ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಟೆಸ್ಟ್) ಮಾಡು. ವೊರಿನೋಸ್ಟ್ಯಾಟ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಅದು ಏರುತ್ತದೆ. ನಿನ್ನ ಕಾಂಪೌಂಡ್‌ನಲ್ಲಿ ಏರದಿದ್ದರೆ, ಕೋಶ ಸತ್ತದ್ದು ಬೇರೇನೋ ಕಾರಣಕ್ಕೆ.

ಡಿಎಂಎಸ್‌ಒ ಎಲ್ಲಾ ವೆಲ್‌ನಲ್ಲೂ ಒಂದೇ ಅಳತೆ ಇರಲಿ. ಇದು ಸುಮ್ನೆ ಹೇಳುವ ಮಾತಲ್ಲ. 1971ರಲ್ಲಿ ಶಾರ್ಲೆಟ್ ಫ್ರೆಂಡ್ ಇಲಿಯ ರಕ್ತ ಕ್ಯಾನ್ಸರ್ ಕೋಶಗಳಿಗೆ ಡಿಎಂಎಸ್‌ಒ ಹಾಕಿದಾಗ ಅವು ಹಿಮೋಗ್ಲೋಬಿನ್ ಮಾಡತೊಡಗಿದವು. ಮದ್ದು ಅಂತ ಹಾಕಿದ್ದಲ್ಲ, ಅದು ಸಾಲ್ವೆಂಟ್! ಪಾಲ್ ಮಾರ್ಕ್ಸ್ ಮತ್ತು ಕೆಮಿಸ್ಟ್ ರೊನಾಲ್ಡ್ ಬ್ರೆಸ್ಲೋ ಆ ಜಾಡು ಹಿಡಿದು ವರ್ಷಗಟ್ಟಲೆ ಮಾಲಿಕ್ಯೂಲ್ ಬದಲಾಯಿಸುತ್ತಾ ಹೋದರು. ಕೊನೆಗೆ ಸಿಕ್ಕದ್ದೇ ವೊರಿನೋಸ್ಟ್ಯಾಟ್. ಅದು ಎಚ್‌ಡ್ಯಾಕ್ ಹಿಡಿಯುತ್ತದೆ ಅಂತ ತಿಳಿದದ್ದು ಮಾಲಿಕ್ಯೂಲ್ ಕೈಗೆ ಬಂದ ಮೇಲೆ. ಚರ್ಮದ ಟಿ-ಸೆಲ್ ಲಿಂಫೋಮಾಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕದ್ದು 2006ರಲ್ಲಿ. ಡಾಕಿಂಗ್ ಇಲ್ಲ, ಟಾರ್ಗೆಟ್ ಗೊತ್ತಿಲ್ಲ. ಆದರೆ ಅವರು ನೋಡುತ್ತಿದ್ದದ್ದು ಕೋಶ ಸತ್ತಿತಾ ಅಂತ ಅಲ್ಲ, ಕೋಶದ ನಡತೆ ಬದಲಾಯಿತಾ ಅಂತ. ಬರೀ ಸಾವು ಎಣಿಸುತ್ತಿದ್ದರೆ ಅದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಯಾವ ಟೆಸ್ಟ್ ಇಡುತ್ತೀಯೋ ಅದಕ್ಕೆ ಕಾಣುವುದು ಮಾತ್ರ ನಿನಗೆ ಸಿಗುತ್ತದೆ.

ಶಹಾಪುರ ಕಿರಾಣಿ:

ನಾನು ಅಂಗಡಿ ಇಟ್ಟುಕೊಂಡವನು, ನಿಮ್ಮ ಅರ್ಧ ಮಾತು ತಲೆ ಮೇಲೆ ಹೋಯಿತು. ಆದರೆ ಎಪಿಜೆನೆಟಿಕ್ ಅಂತ ನೋಡಿ ನಿಂತೆ. ನಮ್ಮ ಅಕ್ಕನಿಗೆ ಎಂಡಿಎಸ್ ಅನ್ನುವ ರಕ್ತದ ಕಾಯಿಲೆ. ಅಜಾಸಿಟಿಡಿನ್ ಇಂಜೆಕ್ಷನ್ ನಡೆಯುತ್ತಿದೆ. ಡಾಕ್ಟರ್ ಇದೇ ಹೆಸರು ಹೇಳಿದ್ದರು. ತಿಂಗಳಿಗೆ ಏಳು ದಿನ ಕೊಡುತ್ತಾರೆ, ನಾಲ್ಕಾರು ಸುತ್ತು ಆಗುವ ತನಕ ಗುಣ ಕೇಳಬೇಡಿ ಅನ್ನುತ್ತಾರೆ. ಮದ್ದು ನಿಧಾನ ಯಾಕ್ರಿ? ಡೋಸ್ ಜಾಸ್ತಿ ಮಾಡಿದರೆ ಬೇಗ ಆಗುವುದಿಲ್ಲವೇ? ಅರಿಶಿನದ ಕ್ಯಾಪ್ಸೂಲ್ ಜೊತೆಗೆ ಕೊಡಬಹುದಾ?

ಹುಮನಾಬಾದ್ ಅಕ್ಕ:

ಅಣ್ಣಾರೇ, ಕ್ಯಾಪ್ಸೂಲ್ ಡಾಕ್ಟರಿಗೆ ಹೇಳದೆ ಬೇಡ. ಅಡುಗೆಯ ಅರಿಶಿನ ಬೇರೆ, ಕ್ಯಾಪ್ಸೂಲ್ ಬೇರೆ. ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಪೆಟ್ಟಾದ ವರದಿಗಳಿವೆ.

ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಅಜಾಸಿಟಿಡಿನ್ ಮಾಡಿದ್ದು 1964ರಲ್ಲಿ, ಪ್ರಾಗ್‌ನಲ್ಲಿ. ಮೊದಮೊದಲು ಕೋಶ ಕೊಲ್ಲುವ ಕೀಮೋ ಅಂತ ಜೋರು ಡೋಸ್‌ನಲ್ಲಿ ಕೊಟ್ಟು ನೋಡಿದರು, ರೋಗಿಗಳಿಗೆ ತಡೆಯಲಾಗಲಿಲ್ಲ. ಅದು ಡಿಎನ್‌ಎ ಮೇಲಿನ ಮೀಥೈಲ್ ಗುರುತು ಅಳಿಸುತ್ತದೆ ಅಂತ 1980ರಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ತೋರಿಸಿದರು. ಕೋಶ ಎರಡಾಗುವಾಗ ಈ ಮದ್ದು ಹೊಸ ಡಿಎನ್‌ಎ ಒಳಗೆ ಸೇರುತ್ತದೆ, ಗುರುತು ಹಾಕುವ ಡಿಎನ್‌ಎಂಟಿ1 ಎಂಜೈಮನ್ನು ಅಲ್ಲೇ ಸಿಕ್ಕಿಹಾಕಿಸುತ್ತದೆ. ಹಾಗಾಗಿ ಕೋಶ ಮತ್ತೆ ಮತ್ತೆ ಎರಡಾಗಬೇಕು, ಗುರುತು ಸುತ್ತಿನಿಂದ ಸುತ್ತಿಗೆ ಕಡಿಮೆಯಾಗಬೇಕು. ಡೋಸ್ ಏರಿಸಿದರೆ ಒಳ್ಳೆಯ ಕೋಶಗಳೂ ಸಾಯುತ್ತವೆ, ಅಷ್ಟೇ. ಕಡಿಮೆ ಡೋಸ್‌ನ ದಾರಿ ಸರಿಯಾದ ಮೇಲೆ 2004ರಲ್ಲಿ ಎಂಡಿಎಸ್‌ಗೆ ಒಪ್ಪಿಗೆ ಬಂತು. ಸುತ್ತು ತಪ್ಪಿಸಬೇಡಿ.

ಸೇಡಂ ಹುಡುಗ, ಇದನ್ನು ನೀನೂ ಓದು. ಅಜಾಸಿಟಿಡಿನ್ ಕಡಿಮೆ ಡೋಸ್‌ನಲ್ಲಿ ಏನು ಮಾಡುತ್ತದೆ ಅನ್ನುವುದು 48 ಗಂಟೆಯ ಎಂಟಿಟಿಯಲ್ಲಿ ಕಾಣುವುದಿಲ್ಲ. ಹಿಸ್ಟೋನ್‌ಗೆ ಮೀಥೈಲ್ ಹಾಕುವ ಈಝಡ್‌ಎಚ್2 ಎಂಜೈಮ್ ತಡೆಯುವ ಮದ್ದುಗಳೂ ಹಾಗೇ, ಹಿಸ್ಟೋನ್ ಮೇಲಿನ ಮೀಥೈಲ್ ಗುರುತು ಇಳಿಯಲು ಮೂರು ನಾಲ್ಕು ದಿನ ಬೇಕು. ಕೋಶದ ಬೆಳವಣಿಗೆ ನಿಲ್ಲುವುದು ಇನ್ನೂ ತಡ. ಟಜೆಮೆಟೋಸ್ಟ್ಯಾಟ್ ಆ ಜಾತಿಯದು, 2020ರಲ್ಲಿ ಬಂತು. ಎಚ್‌ಡ್ಯಾಕ್ ತೆಗೆದುಕೊಂಡದ್ದು ನಿನ್ನ ಪುಣ್ಯ, ಒಂದು ದಿನದಲ್ಲಿ ಉತ್ತರ ಸಿಗುತ್ತದೆ.

ಸೇಡಂ ಹುಡುಗ:

ಅಕ್ಕಾ, ಸೀನಿಯರ್, ಇಬ್ಬರಿಗೂ ಥ್ಯಾಂಕ್ಸ್ ರೀ. ನಮಗೆ ಕೊಟ್ಟ ಹಾಳೆಯಲ್ಲೂ ಹೆಟೆರೊಆಟಮ್ ತೆಗೆಯಿರಿ ಅಂತಲೇ ಇತ್ತು. ಜಿಂಕ್ ಇಟ್ಟು, ಜಿಂಕ್ ಪ್ಯಾರಾಮೀಟರ್ ಹಾಕಿ ಮತ್ತೆ ಓಡಿಸಿದೆ. ವೊರಿನೋಸ್ಟ್ಯಾಟ್ ತನ್ನ ಜಾಗಕ್ಕೆ ಸರಿಯಾಗಿ ಹೋಗಿ ಕೂತಿತು, ಸ್ಕೋರೂ ಮೇಲೆ ಬಂತು. ಗಾಸಿಪಾಲ್ ಆ ಕಿರಿದಾದ ಸುರಂಗದ ಒಳಗೆ ಹೋಗುವುದೇ ಇಲ್ಲ, ಬಾಯಲ್ಲೇ ಅಡ್ಡ ಮಲಗಿದೆ. ಆದರೂ ಅಂಕ ಚೆನ್ನಾಗಿದೆ! ಕಜಾನಾಲ್ ಮಧ್ಯದಲ್ಲಿದೆ.

ಕಾಂಪೌಂಡ್ ಎಲ್ಲಿಂದ ತರಲಿ? ಅರಿಶಿನದಿಂದ ನಾವೇ ಎಕ್ಸ್‌ಟ್ರ್ಯಾಕ್ಟ್ ಮಾಡಬಹುದು ಅನ್ನುತ್ತಾರೆ ಗೈಡ್. ವೊರಿನೋಸ್ಟ್ಯಾಟ್ ದುಬಾರಿ, ಬಿಡಬಹುದಾ?

ಕೊಳಾರ ಕೆಮಿಸ್ಟ್:

ಬೀದರ್ ಕೊಳಾರದಲ್ಲಿ ಬಲ್ಕ್ ಡ್ರಗ್ ಘಟಕದಲ್ಲಿ ಕ್ವಾಲಿಟಿ ಕಂಟ್ರೋಲ್ ನನ್ನ ಕೆಲಸ. ಎಚ್‌ಡ್ಯಾಕ್ ನನಗೆ ಗೊತ್ತಿಲ್ಲ, ಕಾಂಪೌಂಡ್ ಗೊತ್ತು.

ಅರಿಶಿನದಿಂದ ತೆಗೆದದ್ದು ಒಂದು ಕಾಂಪೌಂಡ್ ಅಲ್ಲ. ಕರ್ಕ್ಯುಮಿನ್, ಡೀಮೀಥಾಕ್ಸಿ, ಬಿಸ್‌ಡೀಮೀಥಾಕ್ಸಿ, ಮೂರು ಒಟ್ಟಿಗೆ ಬರುತ್ತವೆ. ಅಂಗಡಿಯ "95 ಪರ್ಸೆಂಟ್" ಅಂದರೂ ಈ ಮೂರರ ಮೊತ್ತವೇ. ಎಚ್‌ಪಿಎಲ್‌ಸಿಯಲ್ಲಿ (ಬೆರಕೆಯನ್ನು ಬಿಡಿಸಿ ಅಳೆಯುವ ಯಂತ್ರ) ಹಾಕದೆ ಮೋಲಾರ್ ಲೆಕ್ಕ ಬರೆಯಬೇಡಿ. ಇನ್ನೂ ಕೆಟ್ಟದ್ದು ಏನೆಂದರೆ, ಸೀರಮ್ ಇಲ್ಲದ ಬಫರ್‌ನಲ್ಲಿ, ಪಿಎಚ್ 7ರ ಸ್ವಲ್ಪ ಮೇಲೆ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಕರ್ಕ್ಯುಮಿನ್‌ನ ಸುಮಾರು ಶೇ 90 ಒಡೆದುಹೋಗುತ್ತದೆ. ನೀವು ಟೆಸ್ಟ್ ಮಾಡುವುದು ಕರ್ಕ್ಯುಮಿನ್ ಅಲ್ಲ, ಅದರ ಚೂರುಗಳನ್ನು.

ಸ್ಟಾಕ್ ಡಿಎಂಎಸ್‌ಒದಲ್ಲಿ ಮಾಡಿ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ. ಡಿಎಂಎಸ್‌ಒ ಗಾಳಿಯ ನೀರು ಎಳೆದುಕೊಳ್ಳುತ್ತದೆ, ತೆರೆದು ಮುಚ್ಚಿ ಮಾಡಿದಷ್ಟೂ ಸ್ಟಾಕ್ ತೆಳುವಾಗುತ್ತದೆ. ಅದು ಗಟ್ಟಿಯಾಗುವುದು 18.5 ಡಿಗ್ರಿಗೆ. ನಮ್ಮ ಬೀದರ್ ಡಿಸೆಂಬರ್‌ನಲ್ಲಿ ಬೆಳಗ್ಗೆ ಬಾಟಲಿ ಒಳಗೇ ಕಲ್ಲಾಗಿರುತ್ತದೆ. ಪೂರ್ತಿ ಕರಗಿಸಿ, ಅಲ್ಲಾಡಿಸಿ, ಆಮೇಲೆ ಪಿಪೆಟ್ ಹಾಕಿ.

ವೊರಿನೋಸ್ಟ್ಯಾಟ್ ಬಿಡುವ ವಿಷಯ ಅಕ್ಕನೇ ಹೇಳಲಿ.

ಹುಮನಾಬಾದ್ ಅಕ್ಕ:

ಕೆಮಿಸ್ಟ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಕಂಟ್ರೋಲ್ ಬಿಡುವ ಮಾತೇ ಇಲ್ಲ. ಎಂಜೈಮ್ ಟೆಸ್ಟ್‌ಗೆ ಕಿಟ್‌ನಲ್ಲೇ ಬರುವ ಟ್ರೈಕೊಸ್ಟ್ಯಾಟಿನ್ ಎ ಸಾಕು. ಕೋಶಕ್ಕೆ ಸೋಡಿಯಂ ಬ್ಯುಟಿರೇಟ್ ಹಾಕು, ಬಹಳ ಅಗ್ಗ. ಅದೂ ಎಚ್‌ಡ್ಯಾಕ್ ತಡೆಯುತ್ತದೆ, ಆದರೆ ಮಿಲಿಮೋಲಾರ್ ಬೇಕು. ಅಸಿಟೈಲ್ ಎಚ್3 ಬ್ಯಾಂಡ್ ಚೆನ್ನಾಗಿ ಏರುತ್ತದೆ, ನಿನ್ನ ಆಂಟಿಬಾಡಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ನಾನಾದರೆ ಕಜಾನಾಲ್ ಮುಂದೆ ಇಡುತ್ತೇನೆ, ಶುದ್ಧವಾದದ್ದು ಸಿಕ್ಕರೆ. ಕ್ವೆರ್ಸೆಟಿನ್ ಇರಲಿ, ಆದರೆ ಟ್ರೈಟಾನ್ ಪ್ಲೇಟ್‌ನಲ್ಲಿ ಮೋಸ ಹೇಗೆ ಬಯಲಾಗುತ್ತದೆ ಅಂತ ತೋರಿಸಲು. ಕರ್ಕ್ಯುಮಿನ್, ಇಜಿಸಿಜಿ, ಗಾಸಿಪಾಲ್ ಬಿಡು. ಗೈಡ್ ಕೇಳಿದರೆ "ಮದ್ದಿಗಿಂತ ಉತ್ತಮ" ಅನ್ನುವ ಶೀರ್ಷಿಕೆಯ ಬದಲು "ಡಾಕಿಂಗ್ ಹಿಟ್‌ಗಳಲ್ಲಿ ಎಷ್ಟು ನಿಜ" ಅಂತ ಇಡೋಣ ಸರ್ ಅನ್ನು. ಎಚ್‌ಡ್ಯಾಕ್ ಇಲ್ಲದ ಪ್ಲೇಟಿನ ಟೇಬಲ್ ಹಾಕಿದರೆ ವೈವಾದಲ್ಲಿ ಹೊರಗಿನ ಎಕ್ಸಾಮಿನರ್ ಮೊದಲು ಕೇಳುವ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

ಮತ್ತೆ, ಕೋಶದ ಕೆಲಸ ಮಾರ್ಚ್ ಒಳಗೆ ಮುಗಿಸು. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಮೇ ತಿಂಗಳಲ್ಲಿ ಎಸಿ ನಿಂತು ರೂಮ್ 40 ಡಿಗ್ರಿ ಆದರೆ ಡಿಸ್‌ಪ್ಲೇಯಲ್ಲಿ 37 ಅಂತ ಸೆಟ್ ಮಾಡಿದ್ದಕ್ಕೆ ಬೆಲೆಯೇ ಇಲ್ಲ. ಒಳಗೆ ಬೇರೆ ಥರ್ಮಾಮೀಟರ್ ಒಂದು ಇಟ್ಟಿರು.